ಪೇಟೆಯ ನೀರು, ಅಡಿಕೆ ತೋಟ ಮತ್ತು ಒಬ್ಬಳು ಆರ್ಕಿಟೆಕ್ಟ್: ಕಾಸರಗೋಡಿನ ಒಂದು ಪ್ರಕರಣ

ಕುಂಬಳೆಯಿಂದ ಬದಿಯಡ್ಕ ಕಡೆಗೆ ಹೋಗುವ ಭಾಗದಲ್ಲಿ ಒಂದು ಸಣ್ಣ ಪೇಟೆ ಉಂಟು. ಹೆಸರು ಹಾಕುದಿಲ್ಲ, ಯಾಕಂದ್ರೆ ಪಂಚಾಯತಿಗೂ ಅಲ್ಲಿನ ಕೆಲವು ಕಟ್ಟಡದವರಿಗೂ ಮಾತುಕತೆ ಇನ್ನೂ ನಡೀತಾ ಉಂಟು, ನಾನು ಹೆಸರು ಹಾಕಿ ಅದು ಕೆಡುದು ಬೇಡ. ಎರಡೂ ಬದಿ ಮುರಕಲ್ಲಿನ ಗುಡ್ಡೆ, ನಡುವೆ ಉದ್ದಕ್ಕೆ ಬಯಲು, ಬಯಲಲ್ಲಿ ಮೊದಲು ಗದ್ದೆ ಇತ್ತು, ಆಮೇಲೆ ಅಡಿಕೆ ತೋಟ ಆಯ್ತು, ಈಗ ರಸ್ತೆಯ ಬದಿಗೆ ಎರಡು ಮೂರು ಮಾಳಿಗೆಯ ಕಾಂಪ್ಲೆಕ್ಸ್‌ಗಳು. ಒಂದು ಶಾಲೆ, ಒಂದು ಸಹಕಾರಿ ಬ್ಯಾಂಕು, ಅಡಿಕೆ ಖರೀದಿ ಅಂಗಡಿಗಳು, ಮಸೀದಿ, ಸ್ವಲ್ಪ ಒಳಗೆ ದೇವಸ್ಥಾನದ ಕೆರೆ. ನಮ್ಮ ಜಿಲ್ಲೆಯಲ್ಲಿ ಇಂಥ ಪೇಟೆ ಬೇಕಾದಷ್ಟುಂಟು. ವರ್ಷಕ್ಕೆ ಸುಮಾರು 3500 ಮಿಮೀ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ, ಹಾಗಾಗಿ ಆಟಿ ತಿಂಗಳಲ್ಲಿ ನಾಲ್ಕು ಗಂಟೆ ಬಿಡದೆ ಹೊಯ್ದ್ರೆ ಈ ಪೇಟೆಯ ನಡುಭಾಗದಲ್ಲಿ ಮೊಣಕಾಲಿನವರೆಗೆ ನೀರು ನಿಲ್ತದೆ, ಶಾಲೆ ಮಕ್ಕಳು ಅದರಲ್ಲೇ ನಡ್ಕೊಂಡು ಬಸ್ಸಿಗೆ ಹೋಗ್ಬೇಕು, ಅಂಗಡಿಯವರು ಶಟರಿನ ಎದುರು ಮರಳಿನ ಚೀಲ ಇಡ್ತಾರೆ. ಮಧೂರಿನಲ್ಲಿ ಮಧುವಾಹಿನಿ ಉಕ್ಕಿ ದೇವಸ್ಥಾನದೊಳಗೆ ನೀರು ಬಂದ್ರೆ ಪೇಪರಲ್ಲಿ ಫೋಟೋ ಬರ್ತದೆ, ಇಂಥ ಸಣ್ಣ ಪೇಟೆಯದ್ದು ಯಾರಿಗೂ ಬೇಡ.

ಈ ಪೇಟೆಯ ಕೆಲಸವನ್ನು ಒಬ್ಬಳು ಯುವ ಆರ್ಕಿಟೆಕ್ಟ್ ಹೇಗೆ ಮಾಡಿದ್ಲು, ಅದರಿಂದ ಅವಳ ವೃತ್ತಿ ಯಾವ ಕಡೆಗೆ ತಿರುಗಿತು ಅಂತ ಇಲ್ಲಿ ಪೂರ್ತಿಯಾಗಿ ಬರೀತೇನೆ. ನಾನೂ ಇದೇ ಕಸುಬಿನವನು, ಕಾಸರಗೋಡಿನಲ್ಲಿ ಸಣ್ಣ ಆಫೀಸು ಉಂಟು, ಅವಳು ಕೆಲವು ಸಮಯ ಅಲ್ಲೇ ಒಂದು ಟೇಬಲ್ ಹಾಕಿ ಕೆಲಸ ಮಾಡಿದವಳು, ಹಾಗಾಗಿ ಹೆಚ್ಚಿನದ್ದು ಕಣ್ಣಾರೆ ಕಂಡದ್ದು. ನಮ್ಮಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಆರ್ಕಿಟೆಕ್ಚರಿಗೆ ಹೋಗುವ ಮಕ್ಕಳು ಕೇಳುವ ಪ್ರಶ್ನೆ ಒಂದೇ: ಊರಿಗೆ ಬಂದ್ರೆ ಮನೆ ಪ್ಲಾನ್ ಬಿಟ್ರೆ ಬೇರೆ ಎಂತ ಉಂಟು? ಉಂಟು ಅಂತ ಬಾಯಲ್ಲಿ ಹೇಳಿದ್ರೆ ಸಾಕಾಗುದಿಲ್ಲ, ಅದಕ್ಕೇ ಇಷ್ಟು ಉದ್ದ.

ಅವಳು ಹತ್ತರವರೆಗೆ ಓದಿದ್ದು ಊರಿನ ಕನ್ನಡ ಶಾಲೆಯಲ್ಲಿ. ಕೇರಳದಲ್ಲಿ ಬಿ.ಆರ್ಕ್ ಸೀಟಿಗೆ ನಾಟಾ ಅನ್ನುವ ಪ್ರವೇಶ ಪರೀಕ್ಷೆಯ ಸ್ಕೋರನ್ನೂ ಪ್ಲಸ್ ಟು ಮಾರ್ಕನ್ನೂ ಸೇರಿಸಿ ರ‍್ಯಾಂಕ್ ಮಾಡ್ತಾರೆ, ಅದರಲ್ಲಿ ಸರ್ಕಾರಿ ಸೀಟು ಸಿಕ್ಕಿತು, 5 ವರ್ಷದ ಕೋರ್ಸು ಮುಗಿಸಿ ಕೌನ್ಸಿಲ್ ಆಫ್ ಆರ್ಕಿಟೆಕ್ಚರಿನಲ್ಲಿ ರಿಜಿಸ್ಟರ್ ಆಗಿ ಬೆಂಗಳೂರಿಗೆ ಹೋದ್ಲು. ಅಲ್ಲಿ ಕೆಲಸ ಕಟ್ಟಡದ ಮಾಡೆಲ್ ಮಾಡುವ ಸಾಫ್ಟ್‌ವೇರು ರೆವಿಟ್‌ನಲ್ಲಿ ಅಪಾರ್ಟ್‌ಮೆಂಟ್ ಮಾಡೆಲ್ ಮಾಡುದು, ಯಾವ ಬೀಮಿಗೆ ಯಾವ ಪೈಪು ತಾಗ್ತದೆ ಅಂತ ಸ್ಕ್ರೀನಿನಲ್ಲೇ ಹುಡುಕಿ ಸರಿ ಮಾಡುದು. ಕೆಟ್ಟ ಕೆಲಸ ಅಲ್ಲ ಅದು. ಕಟ್ಟಡ ಅಂದ್ರೆ ಚಿತ್ರ ಅಲ್ಲ, ಮಾಹಿತಿ, ಒಂದು ಗೋಡೆ ಸರಿಸಿದ್ರೆ ಅದಕ್ಕೆ ಸಂಬಂಧಪಟ್ಟ ಹತ್ತು ಲೆಕ್ಕ ಬದಲಾಗ್ತದೆ ಅನ್ನುವ ತಿಳುವಳಿಕೆ ಅವಳಿಗೆ ಅಲ್ಲಿಂದಲೇ ಬಂದದ್ದು. ಆದ್ರೆ ಅವಳ ಮನಸ್ಸು ಇದ್ದದ್ದು ಕಟ್ಟಡದ ಹೊರಗೆ, ರಸ್ತೆ, ಬಸ್ ಸ್ಟಾಪು, ಜಗಲಿ, ಚರಂಡಿ, ಜನ ಎಲ್ಲಿ ನಿಲ್ತಾರೆ ಎಲ್ಲಿ ದಾಟ್ತಾರೆ ಅನ್ನುದರ ಮೇಲೆ. ಅರ್ಬನ್ ಡಿಸೈನ್ ಅಂತ ಹೇಳುದು ಅದಕ್ಕೇ. ನಮ್ಮ ದೇಶದಲ್ಲಿ ಅದಕ್ಕೆ ಬೇರೆ ಲೈಸೆನ್ಸ್ ಇಲ್ಲ, 1972ರ ಆರ್ಕಿಟೆಕ್ಟ್ಸ್ ಆ್ಯಕ್ಟಿನಲ್ಲಿ ಇರುದು ಆರ್ಕಿಟೆಕ್ಟ್ ಮಾತ್ರ. ಹಾಗಾಗಿ ಈ ಕಡೆ ತಿರುಗುವವರು ತಮ್ಮ ದಾರಿಯನ್ನು ತಾವೇ ಮಾಡ್ಕೊಳ್ಬೇಕಾಗ್ತದೆ.

ಊರಿಗೆ ಬಂದ ಮೇಲೆ ಮೊದಲು ಮನೆ ಪ್ಲಾನೇ ಮಾಡಿದ್ಲು, ಪರ್ಮಿಟ್ ಹಾಕುದು, ಎಸ್ಟಿಮೇಟ್ ಮಾಡುದು, ಎಲ್ಲರ ಹಾಗೆ. ಅದರ ನಡುವೆ ವಾರ್ಡ್ ಮೆಂಬರ್ ಒಬ್ರು ಕೇಳಿದ್ರು, ಪೇಟೆಯ ಚರಂಡಿಗೆ ಒಂದು ಡ್ರಾಯಿಂಗ್ ಮಾಡಿ ಕೊಡ್ತೀಯಾ ಮೋಳೇ (ಮಗಳೇ), ಪಂಚಾಯತಿನ ಪ್ಲಾನ್ ಫಂಡಲ್ಲಿ ಇಡುವ ಅಂತ. ಇಲ್ಲಿ ಒಂದು ವಿಷಯ ಹೇಳ್ಬೇಕು. ಕೇರಳದಲ್ಲಿ 1996ರ ಜನಕೀಯ ಯೋಜನೆಯಿಂದ ರಾಜ್ಯದ ಯೋಜನಾ ಹಣದ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಪಂಚಾಯತು, ನಗರಸಭೆಗಳ ಕೈಗೆ ಕೊಡುವ ಕ್ರಮ ಶುರುವಾಯ್ತು. ಪ್ರತಿ ವಿಷಯಕ್ಕೆ ವರ್ಕಿಂಗ್ ಗ್ರೂಪ್, ಅದರಲ್ಲಿ ಮೆಂಬರುಗಳ ಒಟ್ಟಿಗೆ ಊರಿನ ಆ ವಿಷಯ ಗೊತ್ತಿರುವವರೂ ಕೂತ್ಕೊಳ್ಳಬಹುದು, ಗ್ರಾಮಸಭೆಗೆ ಹೋಗ್ಬೇಕು, ಆಮೇಲೆ ಜಿಲ್ಲಾ ಯೋಜನಾ ಸಮಿತಿ. ಒಬ್ಬಳು ಯುವ ಆರ್ಕಿಟೆಕ್ಟಿಗೆ ಇಷ್ಟು ಹತ್ತಿರ ಬಾಗಿಲು ತೆರೆದಿರುವ ವ್ಯವಸ್ಥೆ ಅಪರೂಪ, ನಮ್ಮ ಮಕ್ಕಳು ಇದನ್ನು ಸರಿಯಾಗಿ ಬಳಸ್ತಾ ಇಲ್ಲ ಅಂತ ನನಗೆ ನಿಜಕ್ಕೂ ಬೇಜಾರುಂಟು.

ಮೆಂಬರ್ ಕೇಳಿದ್ದು ರಸ್ತೆಯ ಒಂದು ಬದಿಗೆ ಸ್ಲ್ಯಾಬ್ ಹಾಕಿದ ಚರಂಡಿಯ ಡ್ರಾಯಿಂಗ್ ಮಾತ್ರ. ಅವಳು ಅದಕ್ಕೆ ಸೀದಾ ಕೈ ಹಾಕ್ಲಿಲ್ಲ. ಈ ನೀರು ಎಲ್ಲಿಂದ ಬರ್ತದೆ, ಎಲ್ಲಿಗೆ ಹೋಗ್ಬೇಕಿತ್ತು ಅಂತ ಮೊದಲು ನೋಡುವಾ ಅಂತ ಕೂತ್ಲು. ಕ್ಯೂಜಿಐಎಸ್ ಹಾಕಿದ್ಲು, ಅದು 2002ರಲ್ಲಿ ಶುರುವಾದ ಉಚಿತ ಸಾಫ್ಟ್‌ವೇರು, ನಕ್ಷೆಯ ಕೆಲಸಕ್ಕೆ ದುಡ್ಡು ಕೊಟ್ಟು ತಗೊಳ್ಳುವ ಯಾವ ಪ್ರೋಗ್ರಾಮಿಗೂ ಕಮ್ಮಿ ಇಲ್ಲ. ಭೂಮಿಯ ಎತ್ತರ ತಗ್ಗಿನ ಲೆಕ್ಕಕ್ಕೆ ಉಚಿತವಾಗಿ ಸಿಗುದು ಎಸ್‌ಆರ್‌ಟಿಎಂ, 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಸುತ್ತಿ ರೇಡಾರಿನಲ್ಲಿ ಅಳೆದದ್ದು, ಇಸ್ರೋದ ಕಾರ್ಟೋಸ್ಯಾಟ್‌ದೂ ಅವರ ವೆಬ್‌ಸೈಟ್ ಭುವನ್‌ನಲ್ಲಿ ಸಿಗ್ತದೆ. ಅದನ್ನು ತಂದು ನೀರು ಹರಿಯುವ ದಾರಿ ಎಳೆಸಿದ್ಲು.

ಬಂದ ನಕ್ಷೆ ನೋಡಿ ಊರಿನ ಯಾರಾದ್ರೂ ತಲೆ ಅಲ್ಲಾಡಿಸ್ಬೇಕು. ಕಂಪ್ಯೂಟರಿನ ಪ್ರಕಾರ ಪೇಟೆಯ ಕೆಳಗಿನ ಅಡಿಕೆ ತೋಟ ಒಂದು ಎತ್ತರದ ದಿಬ್ಬ, ನೀರೆಲ್ಲ ಅದನ್ನು ಸುತ್ತು ಹಾಕಿ ಶಾಲೆಯ ಗ್ರೌಂಡಿಗೆ ಹೋಗ್ತದೆ. ನಿಜದಲ್ಲಿ ಆ ತೋಟವೇ ಆ ಬಯಲಿನ ಅತ್ಯಂತ ತಗ್ಗು ಜಾಗ, ಶಾಲೆ ಇರುದು ಮೇಲೆ. ಕಾರಣ ಸರಳ. ಆ ರೇಡಾರ್ ಅಳೆಯುದು ನೆಲವನ್ನಲ್ಲ, ಮೇಲಿಂದ ಮೊದಲು ಎಂತ ಸಿಕ್ತದೋ ಅದನ್ನು. ಒತ್ತಾಗಿ ಬೆಳೆದ ಅಡಿಕೆ, ತೆಂಗು ಇದ್ದ ಕಡೆ ಸೋಗೆಯ ಎತ್ತರದ ದೊಡ್ಡ ಪಾಲು ನೆಲದ ಲೆಕ್ಕಕ್ಕೆ ಸೇರ್ತದೆ. ಮತ್ತೆ ಒಂದೊಂದು ಚೌಕ 30 ಮೀಟರ್ ಉದ್ದಗಲ, ನಮ್ಮ ಪೇಟೆಯ ರಸ್ತೆ, ಎರಡೂ ಬದಿಯ ಅಂಗಡಿ, ಹಿಂದಿನ ಬಾವಿ ಎಲ್ಲ ಸೇರಿ ಒಂದೇ ಚೌಕದೊಳಗೆ ಮುಗೀತದೆ. ದೊಡ್ಡ ನದಿಯ ಜಲಾನಯನ ನೋಡ್ಲಿಕ್ಕೆ ಇದು ಸಾಕು, ಪಯಸ್ವಿನಿಯದ್ದೋ ಶಿರಿಯ ಹೊಳೆಯದ್ದೋ ಬೇಕಾದ್ರೆ ಮಾಡಬಹುದು. ಒಂದು ಪೇಟೆಯ ತೋಡಿಗೆ, ಅಂದ್ರೆ ಸಣ್ಣ ಹಳ್ಳಕ್ಕೆ, ಸಾಲದು. ಕಾಸರಗೋಡಿನಲ್ಲಿ ಕೂತು ಸ್ಯಾಟಲೈಟ್ ಡೇಟಾ ನೋಡುವ ಯಾರಾದ್ರೂ ಮೊದಲು ತಿಳ್ಕೊಳ್ಬೇಕಾದ್ದು ಇದನ್ನೇ, ನಮ್ಮ ಜಿಲ್ಲೆಯಲ್ಲಿ ತೋಟ ಇಲ್ಲದ ತಗ್ಗು ಜಾಗ ಎಲ್ಲುಂಟು ಹೇಳಿ.

ಡ್ರೋನ್ ಹಾರಿಸಿದ್ರೆ ಆಗ್ತದಲ್ಲ ಅಂತ ಎಲ್ರೂ ಹೇಳ್ತಾರೆ. ಅವಳು ಅದನ್ನೂ ಮಾಡಿದ್ಲು. 2021ರ ಡ್ರೋನ್ ನಿಯಮ ಬಂದ ಮೇಲೆ ಹಸಿರು ವಲಯದಲ್ಲಿ 400 ಅಡಿಯವರೆಗೆ ಹಾರಿಸ್ಲಿಕ್ಕೆ ಮುಂಚಿನಷ್ಟು ಕಷ್ಟ ಇಲ್ಲ, ಆದ್ರೆ ದುಡ್ಡಿಗೆ ಮಾಡುವ ಕೆಲಸಕ್ಕೆ ಪೈಲಟ್ ಸರ್ಟಿಫಿಕೇಟ್ ಇರುವವರೇ ಬೇಕು, ಹಾಗಾಗಿ ಮಂಗಳೂರಿನಿಂದ ಒಬ್ಬರನ್ನು ಕರೆಸಿದ್ಲು. ಒಂದು ಫೋಟೋ ಇನ್ನೊಂದರ ಮೇಲೆ ನೂರಕ್ಕೆ 75-80ರಷ್ಟು ಕೂತ್ಕೊಳ್ಳುವ ಹಾಗೆ ತೆಗೆದು, ನೆಲದಲ್ಲಿ ಸುಣ್ಣದ ಗುರುತು ಹಾಕಿ ಅದರ ನಿಖರ ಜಾಗವನ್ನು ಡಿಜಿಪಿಎಸ್‌ನಲ್ಲಿ ಹಿಡಿದು, ಫೋಟೋಗಳನ್ನು ಜೋಡಿಸಿ ನಕ್ಷೆ ಮಾಡುವ ಓಪನ್‌ಡ್ರೋನ್‌ಮ್ಯಾಪಲ್ಲಿ ಹಾಕಿದ್ರೆ ರಸ್ತೆ, ತಾರಸಿ, ಅಂಗಳ, ಗ್ರೌಂಡು ಎಲ್ಲ ಚಂದ ಬರ್ತದೆ. ತೋಟ ಬರುದಿಲ್ಲ. ಕ್ಯಾಮೆರಾಕ್ಕೂ ಸೋಗೆಯೇ ಕಾಣುದು. ಲೇಸರಿನಲ್ಲಿ ಅಳೆಯುವ ಲೈಡಾರ್ ಇದ್ರೆ ಸಂದಿನಲ್ಲಿ ಸ್ವಲ್ಪ ನೆಲ ಸಿಗ್ತದೆ, ಅದಕ್ಕೆ ಪಂಚಾಯತಿನ ಹಣ ಸಾಲುದಿಲ್ಲ. ಉಳಿದದ್ದು ಒಂದೇ, ಎತ್ತರ ತಗ್ಗು ಅಳೆಯುವ ಆಟೋ ಲೆವೆಲ್ ಮೆಷಿನ್ ಹಿಡ್ಕೊಂಡು ತೋಟದೊಳಗೆ ಕಾಲಲ್ಲಿ ಹೋಗುದು. ಒಬ್ಬ ಅಳತೆಯ ಕೋಲು (ಸ್ಟಾಫ್) ಹಿಡಿಯುದು, ಇವಳು ರೀಡಿಂಗ್ ತಗೊಳ್ಳುದು, ಅಡಿಕೆ ಮರಗಳ ನಡುವೆ ನೇರ ನೋಟ ಸಿಗುದೇ ಕಷ್ಟ, ನಾಲ್ಕು ಹೆಜ್ಜೆಗೊಮ್ಮೆ ಮೆಷಿನ್ ಎತ್ತಿ ಇಡ್ಬೇಕು, ಬೇಸಿಗೆಯಲ್ಲಿ ಸ್ಪ್ರಿಂಕ್ಲರ್ ತಿರುಗ್ತಾ ಇರ್ತದೆ, ಅದನ್ನು ನಿಲ್ಲಿಸ್ಲಿಕ್ಕೆ ಮನೆಯವರನ್ನು ಕೇಳ್ಬೇಕು.

ಹಾಗೆ ಕೇಳ್ಲಿಕ್ಕೆ ಹೋದಾಗಲೇ ಈ ಪ್ರಕರಣದ ಮುಖ್ಯ ವಿಷಯ ಸಿಕ್ಕಿದ್ದು. ತೋಟದ ಯಜಮಾನರು ಎಂಬತ್ತು ದಾಟಿದ ಅಜ್ಜ, ಅವಳು ಲೆವೆಲ್ ಹಿಡಿದು ಕಣಿಯಲ್ಲಿ ಇಳಿದದ್ದನ್ನು ಸ್ವಲ್ಪ ಹೊತ್ತು ನೋಡಿ, ಎಂತ ಮಗಳೇ ಹುಡುಕುದು ಅಂತ ಕೇಳಿದ್ರು.

"ತೋಡು ಎಲ್ಲಿತ್ತು ಅಂತ ಅಜ್ಜ."

"ತೋಡು ಇಲ್ಲಿಂದ ಅಲ್ಲ ಬರುದು. ಮೇಲೆ ಮಸೀದಿ ಬಾವಿಯ ಬದಿಯಿಂದ ಬಂದು ಈಗ ಆ ಬಟ್ಟೆ ಅಂಗಡಿ ಉಂಟಲ್ಲ ಅದರ ಅಡಿಯಿಂದ ಹೋಗ್ತಿತ್ತು, ಮೋರಿ ಮಾಡುವಾಗ ರಸ್ತೆಯವರು ಅವರಿಗೆ ಸುಲಭ ಆದಲ್ಲಿ ಮಾಡಿದ್ರು. ನೀರಿಗೆ ಗೊತ್ತುಂಟಾ ಅದು?"

ಇದು ಬಾಯಿ ಮಾತು, ಬಾಯಿ ಮಾತಿನಲ್ಲಿ ಪಂಚಾಯತು ಹಣ ಇಡುದಿಲ್ಲ, ಬಟ್ಟೆ ಅಂಗಡಿಯವರು ಒಪ್ಪುದೂ ಇಲ್ಲ. ಅದಕ್ಕೆ ದಾಖಲೆ ಬೇಕು. ಕಾಸರಗೋಡು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡದ ತಾಲೂಕು, ಮದ್ರಾಸಿನ ಕಾಲದ ಸರ್ವೆಯ ಫೀಲ್ಡ್ ಮೆಷರ್‌ಮೆಂಟ್ ಬುಕ್ಕು, ಅಂದ್ರೆ ಎಫ್‌ಎಂಬಿ ಸ್ಕೆಚ್‌ಗಳು ನಮಗೆ ಅಲ್ಲಿಂದ ಬಂದದ್ದು. ಪ್ರತಿ ಸರ್ವೆ ನಂಬರಿಗೆ ಒಂದು ಹಾಳೆ, ಉದ್ದಕ್ಕೊಂದು ಗೆರೆ ಹಿಡಿದು ಅದರಿಂದ ಎಡಕ್ಕೆ ಬಲಕ್ಕೆ ಅಳೆದು ಬರೆದದ್ದು, ಅಳತೆ ಲಿಂಕಿನಲ್ಲಿ, ನೂರು ಲಿಂಕಿಗೆ ಒಂದು ಚೈನು, ಒಂದು ಚೈನು ಅಂದ್ರೆ 66 ಅಡಿ. ಅದರಲ್ಲಿ ತೋಡು ಪುರಂಬೋಕು, ಅಂದ್ರೆ ತೋಡಿನ ಸರ್ಕಾರಿ ಜಾಗ, ಅಂತ ಬೇರೆ ನಂಬರು ಇರ್ತದೆ. ಅವಳು ಆ ಬಯಲಿನ ಎಲ್ಲ ಹಾಳೆಗಳ ನಕಲಿಗೆ ಅರ್ಜಿ ಹಾಕಿ ತಗೊಂಡು, ಒಂದೊಂದನ್ನೇ ಸ್ಕ್ಯಾನ್ ಮಾಡಿ, ಕ್ಯೂಜಿಐಎಸ್‌ನಲ್ಲಿ ಈಗಿನ ಡ್ರೋನ್ ಚಿತ್ರದ ಮೇಲೆ ಕೂರಿಸಿದ್ಲು. ಕೂರಿಸ್ಲಿಕ್ಕೆ ಬದಲಾಗದ ಗುರುತು ಬೇಕು. ದೇವಸ್ಥಾನದ ಕೆರೆಯ ಕಲ್ಲು ಕಟ್ಟಿದ ಮೂಲೆ, ಮಸೀದಿಯ ಹಳೆ ಬಾವಿ, ಎರಡು ಸರ್ವೆ ಕಲ್ಲು, ಇಷ್ಟು ಸಿಕ್ಕಿತು. ನಕಲಿನಲ್ಲಿ ಕೆಲವು ಬರಹ ಕನ್ನಡದಲ್ಲಿ, ಕೆಲವು ಇಂಗ್ಲಿಷಿನಲ್ಲಿ, ಈಗಿನ ಫಾರ್ಮುಗಳು ಮಲಯಾಳದಲ್ಲಿ. ಮೂರೂ ಓದ್ಲಿಕ್ಕೆ ಬರುವವರು ನಮ್ಮ ಗಡಿನಾಡಿನ ಮಕ್ಕಳೇ, ಇಂಥ ಕೆಲಸದಲ್ಲಿ ಅದು ದೊಡ್ಡ ಬಲ, ಹೊರಗಿಂದ ಬರುವ ಕನ್ಸಲ್ಟೆಂಟಿಗೆ ಇದು ಆಗುದಿಲ್ಲ.

ಕೂರಿಸಿ ನೋಡಿದ್ರೆ ಅಜ್ಜ ಹೇಳಿದ್ದು ಸರಿ. ಹಳೆ ತೋಡಿನ ಪಟ್ಟಿ ಎರಡು ಕಾಂಪ್ಲೆಕ್ಸಿನ ಅಡಿಯಿಂದ ಹೋಗ್ತದೆ, ಈಗಿನ ಮೋರಿ ಅದರಿಂದ ಮೇಲಕ್ಕೆ, ಸ್ವಲ್ಪ ಎತ್ತರದ ಜಾಗದಲ್ಲಿ ಉಂಟು. ನೀರು ತನ್ನ ಹಳೆ ದಾರಿಗೆ ಬಂದು ಗೋಡೆಗೆ ತಾಗಿ ರಸ್ತೆಯಲ್ಲಿ ತುಂಬಿ, ಮೋರಿಯ ಮಟ್ಟಕ್ಕೆ ಏರಿದ ಮೇಲೆಯೇ ಆಚೆಗೆ ಹೋಗ್ತದೆ. ಕೆಲವರು ಕೇಳ್ಬಹುದು, ಎಂಟೆ ಭೂಮಿ ಅಂತ 2022ರ ನವೆಂಬರ್ 1ರಿಂದ ರಾಜ್ಯದಲ್ಲಿ ಡಿಜಿಟಲ್ ಮರುಸರ್ವೆ ನಡೀತಾ ಉಂಟಲ್ಲ, ಅದರಲ್ಲಿ ಎಲ್ಲ ಸಿಗುದಿಲ್ವಾ ಅಂತ. ಅದು ಒಳ್ಳೆ ಕೆಲಸವೇ, ಆದ್ರೆ ಅದು ಹೇಳುದು ಈಗ ಯಾವ ಜಾಗ ಯಾರದ್ದು ಅಂತ. ಮೊದಲು ನೀರು ಎಲ್ಲಿ ಹೋಗ್ತಿತ್ತು ಅನ್ನುದಕ್ಕೆ ಹಳೆ ಹಾಳೆಯೇ ಬೇಕು.

ಆಮೇಲೆ ಲೆಕ್ಕ. ಇಲ್ಲಿ ಸಂಖ್ಯೆಗಳು ಸ್ವಲ್ಪ ಬೇಕಾಗ್ತದೆ, ಬಿಟ್ಟು ಹೋಗ್ಬೇಡಿ. ಸಣ್ಣ ಜಲಾನಯನಕ್ಕೆ ಎಂಜಿನಿಯರುಗಳು ಬಳಸುವ ಸೂತ್ರ ಸುಲಭದ್ದು: ಮೇಲ್ಮೈಯ ಗುಣಾಂಕವನ್ನು, ಅಂದ್ರೆ ಬಿದ್ದ ಮಳೆಯಲ್ಲಿ ಇಂಗದೆ ಹರಿದು ಹೋಗುವ ಪಾಲನ್ನು, ಗಂಟೆಗೆ ಎಷ್ಟು ಮಿಮೀ ಮಳೆ ಅನ್ನುದರಿಂದ ಗುಣಿಸಿ, ಹೆಕ್ಟೇರಿನಿಂದ ಗುಣಿಸಿ, 360ರಿಂದ ಭಾಗಿಸಿದ್ರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ನೀರು ಬರ್ತದೆ ಅಂತ ಸಿಗ್ತದೆ. ಪೇಟೆಗೆ ಬರುವ ಗುಡ್ಡೆಯ ಭಾಗ 20 ಹೆಕ್ಟೇರ್, ಮಳೆ ಗಂಟೆಗೆ 60 ಮಿಮೀ ಅಂತ ಇಟ್ಕೊಳ್ಳಿ. ಗುಡ್ಡೆಯಲ್ಲಿ ಮರ, ಹುಲ್ಲು, ಮುರದ ಹಾಸು, ನಡುವೆ ಮನೆಯ ಮಣ್ಣಿನ ಅಂಗಳ ಇದ್ದ ಕಾಲಕ್ಕೆ ಗುಣಾಂಕ 0.4 ಹಿಡಿದ್ರೆ ಸೆಕೆಂಡಿಗೆ 1.33 ಘನ ಮೀಟರ್. ಅದೇ ಗುಡ್ಡೆಯಲ್ಲಿ ಮನೆ ಆಗಿ, ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕಿ, ರಸ್ತೆಗೆ ಕಾಂಕ್ರೀಟ್ ಆಗಿ ಗುಣಾಂಕ 0.8 ಆದ್ರೆ 2.67, ಸರೀ ಎರಡು ಪಟ್ಟು. ಮಳೆ ಒಂದು ಹನಿ ಹೆಚ್ಚಾಗ್ಬೇಕಂತಿಲ್ಲ. ಈಗ ಮೋರಿಯಲ್ಲಿ ಇದ್ದದ್ದು 600 ಮಿಮೀ ಸಿಮೆಂಟ್ ಪೈಪು ಎರಡು. 200 ಅಡಿಗೆ ಒಂದು ಅಡಿ ಇಳಿಜಾರಿನಲ್ಲಿ ಅಂಥ ಒಂದು ಪೈಪು ತುಂಬಿ ಹರಿದ್ರೆ ಸೆಕೆಂಡಿಗೆ 0.43 ಘನ ಮೀಟರ್, ಎರಡು ಸೇರಿ 0.9ಕ್ಕೂ ಕಮ್ಮಿ. ಉಳಿದ ನೀರು ರಸ್ತೆಯಲ್ಲಿ ನಿಲ್ಲದೆ ಎಲ್ಲಿಗೆ ಹೋಗ್ಬೇಕು? ರಸ್ತೆ ಬದಿಯ ಚರಂಡಿಗೆ ಎಷ್ಟು ಚಂದದ ಸ್ಲ್ಯಾಬ್ ಹಾಕಿದ್ರೂ ಈ ಲೆಕ್ಕ ಬದಲಾಗುದಿಲ್ಲ. ಒಂದೂವರೆ ಮೀಟರ್ ಅಗಲದ ಬಾಕ್ಸ್ ಮೋರಿ ಸರಿಯಾದ ಮಟ್ಟದಲ್ಲಿ ಕೂರಿಸಿ, ಅದರಲ್ಲಿ ಒಂದು ಮೀಟರ್ ನೀರು ಹರಿದ್ರೆ ಅದೇ ಇಳಿಜಾರಿನಲ್ಲಿ 4 ಘನ ಮೀಟರಿನ ಹತ್ತಿರ ಹೋಗ್ತದೆ. ಮೋರಿಯ ಮುಂದೆ ಹಿಂದೆ ನೀರು ಹೇಗೆ ಏರಿ ಇಳೀತದೆ ಅಂತ ನೋಡ್ಲಿಕ್ಕೆ ಅವಳು ಅಮೆರಿಕದ ಪರಿಸರ ಸಂಸ್ಥೆ ಇಪಿಎಯವರ ಎಸ್‌ಡಬ್ಲ್ಯುಎಂಎಂ ಬಳಸಿದ್ಲು, 1971ರಿಂದ ಇರುವ ಪ್ರೋಗ್ರಾಮು, ಇವತ್ತಿಗೂ ಉಚಿತ. ಪಂಚಾಯತಿನ ಅಸಿಸ್ಟೆಂಟ್ ಎಂಜಿನಿಯರ್ ಈ ಲೆಕ್ಕವನ್ನು ಕೈಯಲ್ಲಿ ಮಾಡಿ ತಾಳೆ ನೋಡಿದ್ರು, ಮತ್ತೆ ಅವರು ಇವಳ ಪಕ್ಷದಲ್ಲೇ ನಿಂತ್ರು. ಹೈಡ್ರಾಲಿಕ್ಸ್ ಎಂಜಿನಿಯರ್ ಕೆಲಸ, ಆರ್ಕಿಟೆಕ್ಟ್ ಅದಕ್ಕೆ ಕೈ ಹಾಕ್ಬಾರ್ದು ಅಂತ ಹೇಳುವವರುಂಟು. ಸಹಿ ಎಂಜಿನಿಯರದ್ದೇ ಇರ್ಲಿ, ಆದ್ರೆ ಪೇಟೆಯ ಡಿಸೈನ್ ಮಾಡುವವರಿಗೆ ನೀರಿನ ಲೆಕ್ಕ ಅರ್ಥ ಆಗದಿದ್ರೆ ನಮ್ಮ ಮಲೆ-ಕರಾವಳಿ ನಡುವಿನ ಊರಲ್ಲಿ ಯಾವ ಡಿಸೈನೂ ನಿಲ್ಲುದಿಲ್ಲ.

ಸರ್ವೆ ಮೊದಲು, ಪ್ಲಾನ್ ಆಮೇಲೆ ಅನ್ನುದು ಹೊಸ ಮಾತಲ್ಲ. ಪ್ಯಾಟ್ರಿಕ್ ಗೆಡ್ಡಿಸ್ 1914ರಲ್ಲಿ ಮದ್ರಾಸ್ ಗವರ್ನರ್ ಕರೆದ ಮೇಲೆ ಭಾರತಕ್ಕೆ ಬಂದು ಊರೂರು ತಿರುಗಿ ಹೇಳಿದ್ದು ಅದನ್ನೇ, ಓಣಿಯಲ್ಲಿ ನಡೆದು ನೋಡದೆ ಗೆರೆ ಎಳೀಬೇಡಿ, ಪೂರ್ತಿ ಒಡೆಯದೆ ಬೇಕಾದಲ್ಲಿ ಮಾತ್ರ ಸಣ್ಣ ಚಿಕಿತ್ಸೆ ಮಾಡಿ ಅಂತ. ಈಗ ಕೈಯಲ್ಲಿರುವ ಸಲಕರಣೆ ಬೇರೆ, ಅಷ್ಟೇ. ಎಂಐಟಿಯಲ್ಲಿ 2004ರಲ್ಲಿ ಶುರುವಾದ ಸೆನ್ಸಬಲ್ ಸಿಟಿ ಲ್ಯಾಬ್‌ನವರು 2006ರಲ್ಲಿ ರೋಮಿನ ಮೊಬೈಲ್ ಫೋನುಗಳ ಡೇಟಾದಿಂದ ಇಡೀ ನಗರ ಹೇಗೆ ಚಲಿಸ್ತದೆ ಅಂತ ವೆನಿಸ್ ಬಿಯೆನಾಲೆಯಲ್ಲಿ ತೋರಿಸಿದ್ರು. ಆರ್ಕಿಟೆಕ್ಚರ್ ಕಾಲೇಜಿನ ಮಕ್ಕಳು ಅಂಥದ್ದನ್ನು ನೋಡಿ ಈ ಕಡೆ ಬರ್ತಾರೆ, ಬರ್ಲಿ. ಆದ್ರೆ ರೋಮಿಗೆ ಟೆಲಿಕಾಂ ಕಂಪೆನಿಯ ಡೇಟಾ ಇತ್ತು, ನಕ್ಷೆ ಇತ್ತು. ನಮ್ಮ ಪೇಟೆಗೆ ಒಂದು ಸರಿಯಾದ ಲೆವೆಲ್ ಇರ್ಲಿಲ್ಲ. ಇಲ್ಲಿ ಡೇಟಾ ಇಟ್ಕೊಂಡು ಡಿಸೈನ್ ಮಾಡುದಲ್ಲ, ಡೇಟಾ ಮಾಡುದೇ ಅರ್ಧ ಡಿಸೈನು.

ನೀರಿನ ಒಟ್ಟಿಗೆ ಜನರ ಓಡಾಟವನ್ನೂ ಅವಳು ಅಳೆದ್ಲು, ನನ್ನ ಮಟ್ಟಿಗೆ ಅರ್ಬನ್ ಡಿಸೈನ್ ಶುರುವಾಗುದು ಅಲ್ಲಿಂದ. ವಿಲಿಯಂ ವೈಟ್ 1970ರ ದಶಕದಲ್ಲಿ ನ್ಯೂಯಾರ್ಕಿನ ಚೌಕಗಳಲ್ಲಿ ಕ್ಯಾಮೆರಾ ಇಟ್ಟು ಜನ ಎಲ್ಲಿ ಕೂರ್ತಾರೆ ಅಂತ ನೋಡಿದ ಹಾಗೆ ಇವಳು ಸಹಕಾರಿ ಬ್ಯಾಂಕಿನ ಮಾಳಿಗೆಯಿಂದ, ಅವರ ಒಪ್ಪಿಗೆ ತಗೊಂಡು, ಮುಖ ಗುರುತು ಸಿಗದಷ್ಟು ದೂರದಿಂದ ವಿಡಿಯೋ ತೆಗೆದು ಜನರನ್ನು ಎಣಿಸುವ ಪ್ರೋಗ್ರಾಮಿಗೆ ಹಾಕಿದ್ಲು. ಬೇಸಿಗೆಯಲ್ಲಿ ಚಂದ ಎಣಿಸಿತು. ಮಳೆ ಬಂದ ಕೂಡ್ಲೆ ಎಣಿಕೆ ಕುಸಿಯಿತು, ಯಾಕಂದ್ರೆ ಮೇಲಿಂದ ಕಾಣುದು ಕೊಡೆ ಮಾತ್ರ, ಪ್ರೋಗ್ರಾಮಿಗೆ ಕೊಡೆಯ ಅಡಿಯಲ್ಲಿ ಮನುಷ್ಯ ಇದ್ದಾನೆ ಅಂತ ಗೊತ್ತಾಗುದಿಲ್ಲ, ಒಂದು ಕೊಡೆಯಲ್ಲಿ ಮೂರು ಮಕ್ಕಳಿದ್ರಂತೂ ಮುಗೀತು. ನಮಗೆ ಬೇಕಾದ್ದು ಮಳೆಯ ದಿನದ ಲೆಕ್ಕವೇ. ಕಡೆಗೆ ಶಾಲೆಯ ಎನ್‌ಎಸ್‌ಎಸ್ ಮಕ್ಕಳು ಜಗಲಿಯಲ್ಲಿ ಕೂತು ಕೈಯಲ್ಲಿ ಗೆರೆ ಹಾಕಿ ಎಣಿಸಿದ್ರು. ಅದರ ಒಟ್ಟಿಗೆ ಸ್ಪೇಸ್ ಸಿಂಟ್ಯಾಕ್ಸ್ ಲೆಕ್ಕ, ಲಂಡನ್ನಿನ ಯುಸಿಎಲ್‌ನಲ್ಲಿ ಬಿಲ್ ಹಿಲಿಯರ್ ಮತ್ತವರ ತಂಡ ಬೆಳೆಸಿದ ವಿಧಾನ, ಯಾವ ದಾರಿ ಉಳಿದ ದಾರಿಗಳಿಗೆ ಎಷ್ಟು ಹತ್ತಿರದಲ್ಲಿ ಜೋಡಿಸಿದೆ ಅನ್ನುದರಿಂದ ಅಲ್ಲಿ ಎಷ್ಟು ಜನ ಓಡಾಡಬಹುದು ಅಂತ ಅಂದಾಜು ಮಾಡುದು. ಲೆಕ್ಕ ಹೇಳಿದ್ದು ಮುಖ್ಯ ರಸ್ತೆ ಅಂತ. ಮಕ್ಕಳ ಎಣಿಕೆ ಹೇಳಿದ್ದು ಬೇರೆ: ಮಳೆಯಲ್ಲಿ ಅರ್ಧದಷ್ಟು ಮಂದಿ ಅಂಗಡಿಗಳ ಹಿಂದಿನ ಓಣಿಯಿಂದ, ದೇವಸ್ಥಾನದ ಕೆರೆಯ ದಂಡೆ ಹಿಡಿದು ಹೋಗ್ತಾರೆ, ಯಾಕಂದ್ರೆ ಅಲ್ಲಿ ನೀರು ನಿಲ್ಲುದಿಲ್ಲ, ಮರದ ನೆರಳೂ ಉಂಟು. ಆ ಓಣಿ ಗೂಗಲ್ ಮ್ಯಾಪಲ್ಲೂ ಇಲ್ಲ, ಯಾರು ಬೇಕಾದ್ರೂ ತಿದ್ದಬಹುದಾದ ಉಚಿತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪಲ್ಲೂ ಇರ್ಲಿಲ್ಲ. ಅವಳು ಅದನ್ನು ಓಪನ್‌ಸ್ಟ್ರೀಟ್‌ಮ್ಯಾಪಲ್ಲಿ ಹಾಕಿದ್ಲು, ತೋಡನ್ನೂ ಹಾಕಿದ್ಲು, ಹೆಸರು ಕನ್ನಡದಲ್ಲೂ ಮಲಯಾಳದಲ್ಲೂ ಸೇರಿಸಿದ್ಲು, ಅದರಲ್ಲಿ ಎರಡಕ್ಕೂ ಬೇರೆ ಬೇರೆ ಜಾಗ ಉಂಟು.

ಗ್ರಾಮಸಭೆಗೆ ಎಂತ ತಗೊಂಡು ಹೋಗುದು ಅನ್ನುದು ದೊಡ್ಡ ಪ್ರಶ್ನೆ ಆಗಿತ್ತು. ನಾನು ಹೇಳಿದ್ದು ಒಂದು ತ್ರೀಡಿ ವಿಡಿಯೋ ಮಾಡು, ಜನ ಇಷ್ಟ ಪಡ್ತಾರೆ ಅಂತ. ಅವಳು ಕೇಳ್ಲಿಲ್ಲ. ದೊಡ್ಡ ಹಾಳೆಯಲ್ಲಿ ಪೇಟೆಯ ನಕ್ಷೆ, ಪ್ರತಿ ಅಂಗಡಿಯ ಹೆಸರು, ಪ್ರತಿ ಬಾಗಿಲಿನ ಎದುರು ಕಳೆದ ಮಳೆಗಾಲದಲ್ಲಿ ನೀರು ಎಷ್ಟು ಸೆಂಟಿಮೀಟರ್ ನಿಂತಿತ್ತು ಅಂತ ಲೆಕ್ಕದಿಂದ ಬಂದ ಸಂಖ್ಯೆ, ಇಷ್ಟೇ ಪ್ರಿಂಟ್ ಹಾಕಿ ಗೋಡೆಗೆ ಅಂಟಿಸಿದ್ಲು. ಸಭೆ ಶುರುವಾಗುವ ಮೊದಲೇ ಜನ ಎದ್ದು ಬಂದು ತಮ್ಮ ತಮ್ಮ ಅಂಗಡಿ ಹುಡುಕ್ಲಿಕ್ಕೆ ಶುರು ಮಾಡಿದ್ರು. ಬೇಕರಿಯವರು ನಮ್ಮಲ್ಲಿ ಇಷ್ಟಲ್ಲ ಇನ್ನೊಂದು ಮೆಟ್ಟಿಲು ಮೇಲೆ ಬಂದಿತ್ತು ಅಂದ್ರು, ಅಡಿಕೆ ಅಂಗಡಿಯವರು ನಮ್ಮಲ್ಲಿ ನೀರೇ ಬರ್ಲಿಲ್ಲ ಅಂದ್ರು, ಅವಳು ಪೆನ್ಸಿಲಲ್ಲಿ ಎಲ್ಲವನ್ನೂ ಅಲ್ಲೇ ತಿದ್ದಿದ್ಲು, ಆಮೇಲೆ ಮಾಡೆಲನ್ನು ಅದಕ್ಕೆ ಸರಿಯಾಗಿ ಹೊಂದಿಸಿದ್ಲು. ಜನ ತಿದ್ದಿದ ನಕ್ಷೆಯನ್ನು ಆಮೇಲೆ ಜನ ತಾವೇ ಸುಳ್ಳು ಅಂತ ಹೇಳುದಿಲ್ಲ. ತ್ರೀಡಿ ವಿಡಿಯೋದಲ್ಲಿ ಇದು ಆಗ್ತಿರ್ಲಿಲ್ಲ, ಅದನ್ನು ನೋಡಿ ಚಂದ ಉಂಟು ಅಂತ ಹೇಳಿ ಹೋಗ್ತಿದ್ರು.

ವಿರೋಧ ಬಂದದ್ದು ಬಟ್ಟೆ ಅಂಗಡಿಯವರಿಂದ, ಅದು ನ್ಯಾಯವೂ ಹೌದು. ಅವರು ಕಟ್ಟಡ ಕಟ್ಟಿದವರಲ್ಲ, ತಗೊಂಡವರು, ಪರ್ಮಿಟ್ ಉಂಟು, ಗಲ್ಫಿನಲ್ಲಿ ದುಡಿದ ದುಡ್ಡು ಹಾಕಿದ್ದು. "ನನ್ನ ಅಂಗಡಿಯ ಅಡಿಯಲ್ಲಿ ತೋಡುಂಟು ಅಂತ ನಿನ್ನ ಲ್ಯಾಪ್‌ಟಾಪ್ ಹೇಳಿದ್ರೆ ನಾನು ಒಡೆದು ಹಾಕ್ಬೇಕಾ ಮೋಳೇ" ಅಂತ ಕೇಳಿದ್ರು. ಅವಳು ಹೇಳಿದ್ಲು, "ಒಡೆಯುದು ಬೇಡ ಇಚ್ಚ, ಅಂಗಡಿಯ ಬದಿಯಲ್ಲಿ ಪಾರ್ಕಿಂಗಿಗೆ ಬಿಟ್ಟ ಜಾಗದ ಅಡಿಯಿಂದ ಬಾಕ್ಸ್ ಹೋಗ್ತದೆ, ಮೇಲೆ ನೀವು ಗಾಡಿ ಇಡಬಹುದು, ನಿಮ್ಮ ಗೋದಾಮಿಗೆ ನೀರು ಬರುದು ನಿಲ್ತದೆ." ಇದು ಮಾತಿನಲ್ಲಿ ಸಮಾಧಾನ ಮಾಡಿದ್ದಲ್ಲ, ಮೂರು ಬೇರೆ ಬೇರೆ ದಾರಿಗೆ ಲೆವೆಲ್ ಹಾಕಿ, ಎಷ್ಟು ಖರ್ಚು, ಎಷ್ಟು ನೀರು ಉಳೀತದೆ ಅಂತ ಮೊದಲೇ ಮಾಡಿ ಇಟ್ಟಿದ್ಲು. ಒಂದು ದಾರಿ ಬದಲಾಯಿಸಿದ್ರೆ ಉಳಿದ ಲೆಕ್ಕ ತಾನಾಗಿ ಬದಲಾಗುವ ಹಾಗೆ ಮಾಡೆಲ್ ಕಟ್ಟಿದ್ದು ಬೆಂಗಳೂರಿನ ರೆವಿಟ್ ಕೆಲಸದಿಂದ ಬಂದ ಅಭ್ಯಾಸ. ಆ ದಿನ ಅದು ಉಪಯೋಗಕ್ಕೆ ಬಂತು. ಅಂಗಡಿಯ ಆ ಇಚ್ಚ, ಅಂದ್ರೆ ಅಣ್ಣ, ಕೂಡ್ಲೆ ಒಪ್ಪಿದ್ರು ಅಂತ ಅಲ್ಲ, ಆದ್ರೆ ಕೂತು ಕೇಳಿದ್ರು, ಮನೆಗೆ ಕರೆದು ಮತ್ತೊಮ್ಮೆ ವಿವರಿಸು ಅಂದ್ರು.

ಡಿಸೈನ್ ಕಡೆಗೆ ಹೀಗೆ ಆಯ್ತು. ಮೋರಿ ಹಳೆ ತೋಡಿನ ಮಟ್ಟಕ್ಕೆ ಇಳಿಸಿ ಬಾಕ್ಸ್ ಮಾಡುದು. ರಸ್ತೆ ಬದಿಯ ಚರಂಡಿಯ ಮೇಲಿನ ಸ್ಲ್ಯಾಬೇ ನಡೆಯುವ ದಾರಿ, ಅಂಗಡಿ ಜಗಲಿಯ ಮಟ್ಟಕ್ಕೆ ಸರಿಯಾಗಿ, ಮೂರು ಮೀಟರಿಗೊಮ್ಮೆ ಇಬ್ರು ಸೇರಿ ಎತ್ತಬಹುದಾದ ಸಣ್ಣ ಸ್ಲ್ಯಾಬ್, ಯಾಕಂದ್ರೆ ಜೆಸಿಬಿ ಬೇಕಾಗುವ ಸ್ಲ್ಯಾಬನ್ನು ಯಾರೂ ತೆಗೆದು ಕ್ಲೀನ್ ಮಾಡುದಿಲ್ಲ. ಬಸ್ ನಿಲ್ಲುವ ಜಾಗ ತಗ್ಗಿನಿಂದ ಕೆರೆಯ ಓಣಿಯ ಬಾಯಿಗೆ ಸ್ವಲ್ಪ ಮೇಲಕ್ಕೆ. ಓಣಿಗೆ ಇಂಟರ್‌ಲಾಕ್ ಹಾಕದೆ ಮುರಕಲ್ಲಿನ ಹಾಸು, ನಡುವೆ ಸಂದು ಬಿಟ್ಟು, ನೀರು ಇಂಗ್ಲಿ ಅಂತ. ಗುಡ್ಡೆಯ ಮೇಲೆ ಮಣ್ಣು ತುಂಬಿ ಹೋಗಿದ್ದ ಹಳೆ ಮದಕವನ್ನು, ಅಂದ್ರೆ ಮಳೆನೀರಿನ ಕೆರೆಯನ್ನು, ತೊಳೆದು ಆಳ ಮಾಡಿದ್ರೆ ಮೊದಲ ಒಂದು ಗಂಟೆಯ ನೀರಿನಲ್ಲಿ ಒಂದು ಪಾಲು ಅಲ್ಲೇ ನಿಲ್ತದೆ ಅಂತ ಲೆಕ್ಕ ತೋರಿಸಿದ್ಲು, ಅದನ್ನು ಉದ್ಯೋಗ ಖಾತ್ರಿಯಲ್ಲಿ ಮಾಡುವ ಅಂತ ಆಯ್ತು. ದೊಡ್ಡ ಆರ್ಕಿಟೆಕ್ಚರ್ ಎಲ್ಲಿ ಇದರಲ್ಲಿ ಅಂತ ಕೇಳಿದ್ರೆ, ಮಳೆಯ ದಿನ ಕಾಲು ಒದ್ದೆ ಆಗದೆ ಬಸ್ಸು ಹತ್ತುದು ನನ್ನ ಲೆಕ್ಕದಲ್ಲಿ ದೊಡ್ಡ ಆರ್ಕಿಟೆಕ್ಚರೇ.

ಈಗ ದುಡ್ಡಿನ ಮಾತು, ಅದನ್ನು ಯಾರೂ ಬರೆಯುದಿಲ್ಲ. ಪಂಚಾಯತಿನಿಂದ ಈ ಕೆಲಸಕ್ಕೆ ಸಿಕ್ಕಿದ ಫೀಸು ಒಂದು ದೊಡ್ಡ ಮನೆಯ ಡಿಸೈನಿಗೆ ಸಿಗುವಷ್ಟೂ ಇಲ್ಲ, ಡ್ರೋನಿನವರಿಗೆ ಕೊಟ್ಟು ಉಳಿದದ್ದು ಸ್ವಲ್ಪವೇ. ಮನೆ ಪ್ಲಾನ್ ಇಲ್ಲದಿದ್ರೆ ಅವಳು ನಿಲ್ಲುದು ಕಷ್ಟ ಇತ್ತು. ಆದ್ರೆ ಇದಾದ ಮೇಲೆ ಬಂದ ಕೆಲಸಗಳ ಸ್ವರೂಪ ಬದಲಾಯ್ತು. ಒಂದು ಶಾಲೆಯ ಆಡಳಿತದವರು ಕ್ಯಾಂಪಸ್ಸಿನ ನೀರು ಮತ್ತು ದಾರಿಯ ಪ್ಲಾನ್ ಕೇಳಿದ್ರು, ದೇವಸ್ಥಾನದವರು ಜಾತ್ರೆಯ ದಿನದ ಜನಸಂದಣಿಗೆ ದಾರಿ ಮಾಡಿ ಕೊಡ್ಲಿಕ್ಕೆ ಕೇಳಿದ್ರು, ಮಂಗಳೂರಿನ ಒಂದು ಆಫೀಸು ಸೈಟ್ ಸರ್ವೆಯ ಜಿಐಎಸ್ ಭಾಗವನ್ನು ಇವಳಿಗೆ ಕೊಟ್ಟಿತು. ಪಂಚಾಯತುಗಳಲ್ಲೂ 2025ರ ಏಪ್ರಿಲಿನಿಂದ ಸರ್ಕಾರದ ಕೆ-ಸ್ಮಾರ್ಟ್ ವ್ಯವಸ್ಥೆ ಬಂದು ಪರ್ಮಿಟ್ ಕೆಲಸ ಆನ್‌ಲೈನ್ ಆದ ಮೇಲೆ, ಬರೀ ಪರ್ಮಿಟ್ ಡ್ರಾಯಿಂಗ್ ಮಾಡಿ ಬದುಕುವವರಿಗೆ ಮುಂದೆ ಇಕ್ಕಟ್ಟಾಗ್ತದೆ ಅಂತ ನನಗೆ ಕಾಣ್ತದೆ, ಎಐ ಬೇರೆ ಚಿತ್ರಗಳನ್ನು ಕ್ಷಣದಲ್ಲಿ ಮಾಡಿ ಕೊಡ್ತದೆ. ತೋಟದೊಳಗಿನ ಲೆವೆಲ್ ಅದು ಮಾಡಿ ಕೊಡುದಿಲ್ಲ.

ಕಲಿಯುವವರು ಎಂತ ಕಲಿಯುದು ಅಂದ್ರೆ, ಕ್ಯೂಜಿಐಎಸ್ ಮೊದಲು, ಅದು ನಾಲ್ಕು ಜಿಬಿ ರ‍್ಯಾಮಿನ ಹಳೆ ಲ್ಯಾಪ್‌ಟಾಪಲ್ಲೂ ಹೇಗಾದ್ರೂ ಓಡ್ತದೆ. ಆಮೇಲೆ ಸ್ವಲ್ಪ ಪೈಥಾನ್, ಒಂದೇ ಕೆಲಸವನ್ನು ನೂರು ಸಲ ಮಾಡುದು ತಪ್ತದೆ. ಲೆವೆಲ್ ಮೆಷಿನ್ ಹಿಡಿಯುದನ್ನು ಊರಿನ ಯಾವುದಾದ್ರೂ ಸರ್ವೇಯರ ಒಟ್ಟಿಗೆ ಹೋಗಿ ಕಲಿಯಿರಿ. ರಾಜ್ಯ ಸರ್ಕಾರದ ಹರಿತ ಕೇರಳ ಮಿಷನ್‌ನವರು ತೋಡುಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪಲ್ಲಿ ಗುರುತಿಸುವ ಮ್ಯಾಪಥಾನ್ ಮಾಡಿದ್ದುಂಟು, ಕಾಲೇಜಿನಲ್ಲಿರುವಾಗಲೇ ಅಂಥದ್ದರಲ್ಲಿ ಸೇರಿದ್ರೆ ಕೈ ಪಳಗ್ತದೆ. ಪಂಚಾಯತಿನ ವರ್ಕಿಂಗ್ ಗ್ರೂಪಿನಲ್ಲಿ ಒಂದು ಕುರ್ಚಿ ಕೇಳಿ, ಹೆಚ್ಚಿನ ಕಡೆ ಖಾಲಿಯೇ ಇರ್ತದೆ.

ಪೇಟೆಯ ಕೆಲಸ ಸದ್ಯಕ್ಕೆ ಇಷ್ಟಾಗಿದೆ: ಮೋರಿ ಬಾಕ್ಸ್ ಆಗಿದೆ, ಓಣಿಯ ಹಾಸು ಅರ್ಧ ಆಗಿದೆ, ಬಸ್ ನಿಲ್ಲುವ ಜಾಗ ಬದಲಾಗಿದೆ. ಕಳೆದ ಮಳೆಗಾಲದಲ್ಲಿ ನೀರು ನಿಂತಿತು, ಆದ್ರೆ ಮೊಣಕಾಲಿಗೆ ಬರ್ಲಿಲ್ಲ, ಪಾದ ಮುಳುಗುವಷ್ಟು, ಮಳೆ ಬಿಟ್ಟ ಮೇಲೆ ಬೇಗ ಇಳಿಯಿತು. ಬಟ್ಟೆ ಅಂಗಡಿಯ ಇಚ್ಚ ಪಾರ್ಕಿಂಗಿನ ಅಡಿಯಿಂದ ಬಾಕ್ಸ್ ಹೋಗ್ಲಿಕ್ಕೆ ಬರೆದು ಕೊಟ್ಟಿದ್ದಾರೆ, ಎರಡನೇ ಕಾಂಪ್ಲೆಕ್ಸಿನವರು ಇನ್ನೂ ಕೊಟ್ಟಿಲ್ಲ, ಅವರ ಗಡಿ ಅಳೀಲಿಕ್ಕೆ ತಾಲೂಕು ಸರ್ವೇಯರಿಗೆ ಅರ್ಜಿ ಹೋಗಿದೆ. ಹತ್ತಿರದ ಇನ್ನೊಂದು ಪಂಚಾಯತು ಅವರ ಪೇಟೆಗೂ ಇದೇ ಕೆಲಸ ಕೇಳಿದೆ. ಈ ಸಲ ಅವಳು ಕರಾರಿನಲ್ಲಿ ಎರಡು ವಿಷಯ ಬರೆಸಿದ್ದಾಳೆ: ಸರ್ವೆಗೆ ಬೇರೆ ಫೀಸು, ಡಿಸೈನಿಗೆ ಬೇರೆ ಫೀಸು, ಮತ್ತೆ ಅಳೆದ ಎಲ್ಲ ಲೆವೆಲ್, ನಕ್ಷೆ, ಎಣಿಕೆ ಪಂಚಾಯತಿನ ಹತ್ರವೂ ಇರ್ಬೇಕು, ಯಾರು ಕೇಳಿದ್ರೂ ಕೊಡ್ಬೇಕು.